ನಾಲ್ಕು ಸೂತ, ಹನ್ನೆರಡು ಎಂಎಂ

ಇವತ್ತಿನ ನನ್ನ ಮಾತು ಮುಖ್ಯವಾಗಿ ಬಡಿಗತನ ಮಾಡುವವರಿಗೆ. ರಾಯಚೂರು ಪೇಟೆಯಲ್ಲಿ ಫರ್ನಿಚರ್ ಅಂಗಡಿ ಇಟ್ಟವರಿಗೆ, ಮಾನ್ವಿ, ದೇವದುರ್ಗದ ಬಜಾರಿನಲ್ಲಿ ಬಾಗಿಲು, ಚೌಕಟ್ಟು ಮಾಡಿಕೊಡುವವರಿಗೆ, ಬೈಕಿನ ಹಿಂದೆ ಚೀಲ ಕಟ್ಟಿಕೊಂಡು ಹಳ್ಳಿಯಿಂದ ಹಳ್ಳಿಗೆ ಹೋಗಿ ಮನೆ ಕೆಲಸ ಹಿಡಿಯುವವರಿಗೆ. ಆ ಚೀಲದಲ್ಲಿ ಒಂದು ಹಳೆಯ ರೂಟರ್ ಮಷಿನ್ ಬಹಳ ಮಂದಿಯ ಹತ್ತಿರ ಇರುತ್ತದೆ. ಬಾಗಿಲಿನ ಅಂಚಿಗೆ ನಕ್ಷೆ ಹೊಡೆಯಲು, ಕಿಟಕಿಗೆ ಗಾಜು ಕೂಡಿಸುವ ಖಾಚು ತೆಗೆಯಲು, ಬಿಜಾಗರಿ ಕೂಡುವ ಜಾಗ ತಗ್ಗು ಮಾಡಲು ಅದು ಬೇಕೇ ಬೇಕು. ಉಳಿ ಹಿಡಿದು ಅರ್ಧ ದಿನ ಮಾಡುವ ಕೆಲಸವನ್ನು ಅದು ಚಹಾ ಕುಡಿದು ಬರುವಷ್ಟರಲ್ಲಿ ಮುಗಿಸುತ್ತದೆ.

ಈ ಮಷಿನ್ ಸಾಮಾನ್ಯವಾಗಿ ಒಮ್ಮೆಗೇ ಸಾಯುವುದಿಲ್ಲ. ಮೊದಲು ಕಾರ್ಬನ್ ಸವೆಯುತ್ತದೆ, ಆಮೇಲೆ ಬೇರಿಂಗ್ ಕಿರುಗುಡುತ್ತದೆ, ಸ್ವಿಚ್ ಹಿಡಿಯುತ್ತದೆ. ಕಡೆಗೆ ಬಿಟ್ ಹಿಡಿದುಕೊಳ್ಳುವ ಕಾಲೆಟ್ ಸಡಿಲಾಗುತ್ತದೆ, ಇಲ್ಲವೆ ಕಟ್ಟಿಗೆಪುಡಿಯಲ್ಲಿ ಬಿದ್ದು ಕಳೆದೇಹೋಗುತ್ತದೆ. ಅಂಗಡಿಗೆ ಹೋಗಿ ಕೇಳಿದರೆ, ‘ಈ ಮಾಡೆಲ್ ಬಂದ್ ಆಗೈತಿ, ಹೊಸಾದು ತಗೋ’ ಎನ್ನುತ್ತಾರೆ. ಹಾಗೆ ಅನ್ನಿಸಿಕೊಂಡು ಮೂಲೆಗೆ ಬಿದ್ದ ಒಳ್ಳೆಯ ಮಷಿನ್‌ಗಳನ್ನು ಎಷ್ಟೋ ಅಂಗಡಿಗಳಲ್ಲಿ ಕಂಡಿದ್ದೇನೆ. ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತದೆ. ತಾಮ್ರದ ವೈಂಡಿಂಗ್ ಗಟ್ಟಿಯಾಗಿದೆ, ಅಲ್ಯೂಮಿನಿಯಂ ಮೈ ಗಟ್ಟಿಯಾಗಿದೆ, ಬೆರಳುದ್ದದ ಒಂದು ಉಕ್ಕಿನ ಕೊಳವೆ ಇಲ್ಲದ್ದಕ್ಕೆ ಅದು ಗುಜರಿಗೆ ಹೊರಟಿದೆ.

ನಾನು ಹೇಳಬೇಕಾದ್ದು ಇಷ್ಟು: ಹಳೆಯ ರೂಟರಿನ ಉಳಿದ ಭಾಗಗಳನ್ನು ನಮ್ಮ ಜಿಲ್ಲೆಯಲ್ಲೇ, ಸಿಕ್ಕದ್ದರಲ್ಲಿ ಹೊಂದಿಸಿಕೊಳ್ಳಬಹುದು. ಆದರೆ ಕಾಲೆಟ್ ಮಾತ್ರ ಅದರದ್ದೇ ಆಗಬೇಕು, ಅದರ ಅಳತೆಯದ್ದೇ ಆಗಬೇಕು. ನಮ್ಮಲ್ಲಿ ಆಗುತ್ತಿರುವುದು ಇದರ ಉಲ್ಟಾ. ಬೇರಿಂಗ್ ಸಿಗಲಿಲ್ಲ ಎಂದು ಮಷಿನ್ ಬಿಡುತ್ತೇವೆ, ಕಾಲೆಟ್ ಸಿಗಲಿಲ್ಲ ಎಂದರೆ ತಗಡು ಸುತ್ತಿ ಬಿಟ್ ತುರುಕುತ್ತೇವೆ.

ಕಾಲೆಟ್ ಎಂದರೆ ಏನು ಎಂಬುದನ್ನು ಮೊದಲು ನೋಡೋಣ. ಮಷಿನ್ ತಲೆಕೆಳಗೆ ಮಾಡಿ, ಪಾನಾ ಹಾಕಿ ನಟ್ ಬಿಚ್ಚಿದರೆ ಒಳಗಿನಿಂದ ಒಂದು ಚಿಕ್ಕ ಉಕ್ಕಿನ ಕೊಳವೆ ಬರುತ್ತದೆ. ಹೊರಮೈ ಓರೆ, ಲೇಥಿನವರು ಟೇಪರ್ ಎನ್ನುವ ಹಾಗೆ ಒಂದು ತುದಿಗೆ ಸಣ್ಣದಾಗುತ್ತ ಹೋಗಿರುತ್ತದೆ. ಒಳಗಿನ ತೂತು ಮಾತ್ರ ನೆಟ್ಟಗೆ, ಒಂದೇ ಸಮ. ಮೈಮೇಲೆ ಉದ್ದಕ್ಕೆ ಸೀಳು ಕೊಯ್ದಿರುತ್ತದೆ. ಮಷಿನ್‌ನ ಸ್ಪಿಂಡಲ್ ಒಳಗೆ ಅದಕ್ಕೆ ಸರಿಯಾದ ಓರೆ ತೂತು. ನಟ್ ಬಿಗಿದಂತೆ ಕಾಲೆಟ್ ಒಳಕ್ಕೆ ನೂಕಿಸಿಕೊಳ್ಳುತ್ತದೆ, ಓರೆ ಮೈ ಅದನ್ನು ಸುತ್ತಲಿಂದಲೂ ಒತ್ತುತ್ತದೆ, ಸೀಳುಗಳು ಕೂಡುತ್ತ ಬರುತ್ತವೆ, ಬಿಟ್‌ನ ದಂಡ, ಅಂದರೆ ಶ್ಯಾಂಕ್, ಸಿಕ್ಕಿಕೊಳ್ಳುತ್ತದೆ. ಪಿಕಾಸಿಯ ಕಾವನ್ನು ನೆನೆಸಿಕೊಳ್ಳಿ. ತಲೆಯ ಕಡೆ ದಪ್ಪ ಇರುವ ಕಾವು ಕಣ್ಣಿನಲ್ಲಿ ಜಗ್ಗಿದಷ್ಟೂ ಬಿಗಿಯಾಗುತ್ತದೆ. ಅದೇ ಹಿಡಿತ ಇಲ್ಲಿ ಸುತ್ತಲೂ ಬರಬೇಕು, ತೂತಿನ ಪೂರ್ತಿ ಉದ್ದಕ್ಕೂ ಬರಬೇಕು.

ಪೂರ್ತಿ ಉದ್ದಕ್ಕೂ ಎಂಬ ಮಾತೇ ಮುಖ್ಯ. ರೂಟರಿನ ಕಾಲೆಟ್ಟನ್ನು ಒಂದೇ ಅಳತೆಗೆ ಮಾಡಿರುತ್ತಾರೆ. ಡ್ರಿಲ್ ಮಷಿನ್ನಿನ ಮೂರು ಹಲ್ಲಿನ ಚಕ್ ಒಂದು ಎಂಎಂದಿಂದ ಹದಿಮೂರು ಎಂಎಂ ತನಕ ಏನನ್ನೂ ಹಿಡಿಯುತ್ತದೆ, ಇದು ಹಿಡಿಯುವುದಿಲ್ಲ. ತೂತಿಗಿಂತ ಸಣ್ಣ ಶ್ಯಾಂಕ್ ಹಾಕಿ ಬಿಗಿದರೆ ಸೀಳು ಒಂದು ತುದಿಯಲ್ಲಷ್ಟೇ ಕೂಡುತ್ತದೆ. ಬಾಯಿಯ ಹತ್ತಿರ ಸಣ್ಣ ಉಂಗುರದಷ್ಟು ಜಾಗದಲ್ಲಿ ಹಿಡಿತ ಸಿಗುತ್ತದೆ, ಒಳಗಡೆ ಶ್ಯಾಂಕ್ ಗಾಳಿಯಲ್ಲಿ ನಿಂತಿರುತ್ತದೆ. ಕೈಯಿಂದ ಎಳೆದು ನೋಡಿದರೆ ಬಿಗಿಯಾಗಿದೆ ಎಂದೇ ಅನ್ನಿಸುತ್ತದೆ. ಮಷಿನ್ ಓಡಿದಾಗ ಗೊತ್ತಾಗುತ್ತದೆ.

ಈಗ ಸೂತದ ವಿಷಯ. ನಮ್ಮ ಕಸುಬಿನಲ್ಲಿ ಇಂಚಿಗೆ ಎಂಟು ಸೂತ. ಕಾಲು ಇಂಚು ಎಂದರೆ ಎರಡು ಸೂತ, ಅರ್ಧ ಇಂಚು ಎಂದರೆ ನಾಲ್ಕು ಸೂತ. ಮೆಟ್ರಿಕ್ ಅಳತೆಯ ಕಾನೂನು 1956ರಲ್ಲೇ ಬಂತು, ಆದರೂ ಬಡಿಗೇರರ ಬಾಯಲ್ಲಿ ಸೂತ ಉಳಿಯಿತು, ಅದರಲ್ಲಿ ತಪ್ಪೇನೂ ಇಲ್ಲ. ಕಟ್ಟಿಗೆಯ ಕೆಲಸದಲ್ಲಿ ನಾಲ್ಕು ಸೂತದ ಹಲಗೆ, 12 ಎಂಎಂ ಪ್ಲೈವುಡ್ ಎರಡನ್ನೂ ಒಂದೇ ಎಂದು ಎಣಿಸಿದರೂ ಕೆಲಸ ಸಾಗುತ್ತದೆ. ಅದೇ ಲೆಕ್ಕವನ್ನು ಕಾಲೆಟ್ಟಿಗೂ ಹಾಕುತ್ತೇವಲ್ಲ, ಅಲ್ಲಿ ಕೆಡುತ್ತದೆ.

ನಾಲ್ಕು ಸೂತ ಎಂದರೆ 12.7 ಎಂಎಂ. ಹನ್ನೆರಡಕ್ಕೂ ಅದಕ್ಕೂ 0.7 ಎಂಎಂ ಫರಕು. ಎರಡು ಸೂತ ಎಂದರೆ 6.35 ಎಂಎಂ, ಆರಕ್ಕಿಂತ 0.35 ಹೆಚ್ಚು. ಮೂರು ಸೂತ 9.525. ಇನ್ನೂ ಮೋಸದ್ದು ಎರಡೂವರೆ ಸೂತ, ಅದು 7.94 ಎಂಎಂ. ಎಂಟು ಎಂಎಂಗೂ ಅದಕ್ಕೂ ಕಣ್ಣಿಗೆ ಫರಕೇ ಕಾಣುವುದಿಲ್ಲ. ಎಂಟು ಎಂಎಂ ಬಿಟ್ಟನ್ನು ಎರಡೂವರೆ ಸೂತದ ಕಾಲೆಟ್ಟಿಗೆ ಬಡಿದು ಸೇರಿಸಿದರೆ ಕಾಲೆಟ್ ಒಳಗೆ ಗೀರು ಬೀಳುತ್ತದೆ, ಆಮೇಲೆ ಸರಿಯಾದ ಬಿಟ್ಟೂ ಅದರಲ್ಲಿ ನೆಟ್ಟಗೆ ಕೂಡುವುದಿಲ್ಲ.

ಅಮೆರಿಕದ ರೂಟರ್ ಬಿಟ್‌ಗಳು ಇಂಚಿನ ಲೆಕ್ಕದವು. ಯುರೋಪಿನಲ್ಲಿ 8 ಎಂಎಂ, 12 ಎಂಎಂ ಹೆಚ್ಚು ಬಳಕೆ. ಜಪಾನಿನಿಂದ ಬಂದ ಮಷಿನ್‌ಗಳು ಹೋದ ದೇಶಕ್ಕೆ ತಕ್ಕ ಹಾಗೆ ಒಂದು ಕಡೆ 12 ಎಂಎಂ, ಇನ್ನೊಂದು ಕಡೆ ಅರ್ಧ ಇಂಚು ಹಾಕಿಕೊಂಡು ಹೋದವು. ನಮ್ಮ ಪೇಟೆಗೆ ಇವೆಲ್ಲವೂ ಬಂದು ಒಂದೇ ಗಾಜಿನ ಪೆಟ್ಟಿಗೆಯಲ್ಲಿ ಕೂತಿವೆ. ಅಂಗಡಿಯ ಕಟ್ಟೆಯ ಮುಂದೆ ನಡೆಯುವ ಮಾತು ಹೀಗಿರುತ್ತದೆ:

‘ಅಣ್ಣಾ, ಇದಕ್ಕ ಕಾಲೆಟ್ ಐತೇನ್ರಿ?’

‘ಎಷ್ಟರದು ಬೇಕೋ ತಮ್ಮಾ? ನಾಲ್ಕು ಸೂತಿಂದೋ, ಹನ್ನೆರಡು ಎಂಎಂದೋ?’

‘ಎರಡೂ ಒಂದ ಅಲ್ಲೇನ್ರಿ? ಯಾವುದರ ಕೊಡ್ರಿ.’

‘ಹಾಕಿ ನೋಡು ಹಂಗಾರ. ಬಿಗಿ ಆದ್ರ ನಡೀತೈತಿ.’

ಬಿಗಿ ಆದರೆ ನಡೆಯುವುದಿಲ್ಲ, ಅಣ್ಣಂದಿರೇ. 12.7ರ ಕಾಲೆಟ್‌ನಲ್ಲಿ ಹನ್ನೆರಡರ ಬಿಟ್ ಬಿಗಿ ಆದಂತೆ ಕಂಡೇ ಕಾಣುತ್ತದೆ, ಯಾಕೆಂದರೆ ನಟ್ ಬಿಗಿಯಾಗಿದೆ. ಒಳಗಿನ ಹಿಡಿತ ಬೇರೆ ಮಾತು.

ಹಿಡಿತ ತಪ್ಪಿದರೆ ಏನಾಗುತ್ತದೆ? ದೊಡ್ಡ ರೂಟರ್ ನಿಮಿಷಕ್ಕೆ ಸುಮಾರು 22,000 ಸುತ್ತು ತಿರುಗುತ್ತದೆ. ಸಣ್ಣ ಟ್ರಿಮ್ಮರ್ 30,000ದ ತನಕ ಹೋಗುತ್ತದೆ. ಎರಡು ಇಂಚಿನ, ಅಂದರೆ 50 ಎಂಎಂ ಅಗಲದ ನಕ್ಷೆ ಬಿಟ್ಟನ್ನು 22,000ದಲ್ಲಿ ಓಡಿಸಿದರೆ ಅದರ ಅಂಚು ಸೆಕೆಂಡಿಗೆ 57 ಮೀಟರ್ ಓಡುತ್ತದೆ, ಗಂಟೆಗೆ 200 ಕಿಲೋಮೀಟರ್ ದಾಟುತ್ತದೆ. ಅಂಥ ಉಕ್ಕಿನ ತುಂಡು ಸಡಿಲ ಹಿಡಿತದಿಂದ ಹೊರಗೆ ಬಂದರೆ ಎದುರಿಗೆ ಇರುವುದು ನಿಮ್ಮ ಹೊಟ್ಟೆ, ತೊಡೆ, ಪಕ್ಕದಲ್ಲಿ ಹಲಗೆ ಹಿಡಿದು ನಿಂತ ಹುಡುಗನ ಕೈ. ಹಾರದೇ ಇದ್ದರೂ ಬಿಟ್ ಮೆಲ್ಲಗೆ ಕೆಳಗೆ ಜಾರುತ್ತದೆ. ಎರಡು ಸೂತ ಆಳದ ಖಾಚು ಮುಗಿಯುವ ಹೊತ್ತಿಗೆ ಮೂರು ಸೂತ ಆಗಿರುತ್ತದೆ, ಸಾಗವಾನಿಯ ಪಟ್ಟಿ ಹಾಳು. ಬಹಳಷ್ಟು ಹಳೆಯ ಮಷಿನ್‌ಗಳಲ್ಲಿ ವೇಗ ಕಡಿಮೆ ಮಾಡುವ ಗುಂಡಿ ಇರುವುದಿಲ್ಲ, ಒಂದೇ ವೇಗ. ಹಾಗಾಗಿ ಅವಕ್ಕೆ ದೊಡ್ಡ ಬಿಟ್ ಹಾಕಲೇಬಾರದು, ಕಾಲೆಟ್ ಎಷ್ಟೇ ಚೆನ್ನಾಗಿರಲಿ.

ನಿಮ್ಮ ಕಾಲೆಟ್ ಹೋಗಿದೆಯೇ ಎಂದು ತಿಳಿಯಲು ಬಿಟ್‌ನ ಶ್ಯಾಂಕ್ ನೋಡಿ. ಅದರ ಮೇಲೆ ಕಪ್ಪು ಉಂಗುರ, ಕಂದು ಕಲೆ, ಸುಟ್ಟಂಥ ಗೆರೆ ಇದ್ದರೆ ಬಿಟ್ ಒಳಗೆ ತಿರುಗಿ ಉಜ್ಜಿದೆ ಎಂದು ಅರ್ಥ. ಕಾಲೆಟ್ ಒಳಗೆ ಬೆಳಕು ಬಿಟ್ಟು ನೋಡಿ. ಬಾಯಿಯ ಹತ್ತಿರ ತೂತು ಅಗಲಾಗಿ ಗಂಟೆಯ ಆಕಾರ ಬಂದಿದ್ದರೆ ಅದರ ಕಾಲ ಮುಗಿಯಿತು. ಅದನ್ನು ಸರಿಮಾಡುವ ಉಪಾಯ ಯಾವುದೂ ಇಲ್ಲ. ಸಿಗರೇಟ್ ಪ್ಯಾಕಿನ ಬೆಳ್ಳಿಹಾಳೆ, ತಗಡಿನ ಪಟ್ಟಿ, ಮರಳುಕಾಗದ ಏನನ್ನೂ ಸುತ್ತಿ ಹಾಕಬೇಡಿ. ಇದನ್ನು ನಾನು ಬಹಳ ಕಾಳಜಿಯಿಂದ ಹೇಳುತ್ತಿದ್ದೇನೆ.

ಹಾಗಾದರೆ ಸರಿಯಾದ ಕಾಲೆಟ್ ಹುಡುಕುವುದು ಹೇಗೆ? ಮೊದಲು ಮಷಿನ್‌ನ ಮೈಮೇಲಿನ ತಗಡಿನ ಚೀಟಿ ಓದಬೇಕು. ಗ್ರೀಸು, ಪುಡಿ ಮೆತ್ತಿ ಕಾಣದಂತಾಗಿರುತ್ತದೆ, ಬಟ್ಟೆಗೆ ಸ್ವಲ್ಪ ಸೀಮೆಎಣ್ಣೆ ಹಚ್ಚಿ ಮೆಲ್ಲಗೆ ಒರೆಸಿ. ಮಾಡೆಲ್ ನಂಬರು, ವೋಲ್ಟು, ವ್ಯಾಟು ಅಲ್ಲೇ ಇರುತ್ತವೆ. ಬಾಷ್ ಮಷಿನ್ ಆದರೆ ಮಾಡೆಲ್ ಹೆಸರಿನ ಕೆಳಗೆ ಹತ್ತು ಅಂಕಿಯ ಒಂದು ನಂಬರು ಇರುತ್ತದೆ. ಕಸುಬಿನವರ ನೀಲಿ ಮಷಿನ್‌ಗಳಲ್ಲಿ ಅದು 0 601 ಅಥವಾ 3 601ರಿಂದ ಶುರುವಾಗುತ್ತದೆ. ಬಿಡಿಭಾಗದವರಿಗೆ ಹೆಸರಿಗಿಂತ ಆ ನಂಬರೇ ಬೇಕು, ಯಾಕೆಂದರೆ ಒಂದೇ ಹೆಸರಿನ ಮಷಿನ್ ಒಳಗೆ ಕಾಲಕಾಲಕ್ಕೆ ಬದಲಾಗಿರುತ್ತದೆ. ಮಕಿಟಾದವರ ಬಿಡಿಭಾಗದ ನಂಬರು ಆರು ಅಂಕಿ, ಒಂದು ಅಡ್ಡಗೆರೆ, ಮತ್ತೆ ಒಂದು ಅಂಕಿ, ಈ ರೂಪದ್ದು. ಫೋನಿನಲ್ಲಿ ಚೀಟಿಯ ಫೋಟೋ ತೆಗೆದು ಇಟ್ಟುಕೊಳ್ಳಿ, ಬಾಯಿಮಾತಿನಲ್ಲಿ ಅಂಕಿ ತಪ್ಪುತ್ತದೆ.

ಕೆಲವು ಹೆಸರುಗಳು ಪೇಟೆಯಿಂದ ಹೋಗಿವೆ, ಭಾಗಗಳು ಹೋಗಿಲ್ಲ. ಹಿಟಾಚಿ ಹೆಸರಿನ ಮಷಿನ್ ಇಟ್ಟುಕೊಂಡವರು ‘ಕಂಪನಿ ಮುಚ್ಚಿತು’ ಎನ್ನುತ್ತಾರೆ. ಮುಚ್ಚಿಲ್ಲ, 2018ರಲ್ಲಿ ಹೈಕೋಕಿ ಎಂದು ಹೆಸರು ಬದಲಾಯಿತು. ಆ ಹೆಸರಿನಲ್ಲಿ ಕೇಳಬೇಕು. ಜರ್ಮನಿಯ ಎಲು ಎಂಬ ಹಳೆಯ ಕಂಪನಿಯನ್ನು 1984ರಲ್ಲಿ ಬ್ಲ್ಯಾಕ್ ಆ್ಯಂಡ್ ಡೆಕರ್ ಕೊಂಡಿತು. ಎಲು ಕಂಪನಿಯ ದೊಡ್ಡ ರೂಟರ್ ಎಂಒಎಫ್ 177 ಮುಂದೆ ಹಳದಿ ಬಣ್ಣ ಬಳಿದುಕೊಂಡು ಡಿವಾಲ್ಟ್ 625 ಆಯಿತು. ಗಲ್ಫಿಗೆ ದುಡಿಯಲು ಹೋದವರ ಸಾಮಾನಿನಲ್ಲಿ ಎಲು ಮಷಿನ್ ಬಂದಿದ್ದರೆ ಅದನ್ನು ಅನಾಥ ಎಂದು ಬಿಡಬೇಡಿ, ಡಿವಾಲ್ಟ್ ಸರ್ವಿಸಿನವರ ಮುಂದೆ ಇಡಿ.

ಕಷ್ಟ ಇರುವುದು ನಕಲಿನ ಮಷಿನ್‌ಗಳಲ್ಲಿ. ಜಪಾನಿನ ಹಳೆಯ ದೊಡ್ಡ ರೂಟರಿನ ರೂಪ ಹಿಡಿದು ಮಾಡಿದ ಅಗ್ಗದ ಮಷಿನ್‌ಗಳು ನಮ್ಮ ಪೇಟೆಯಲ್ಲಿ ಬೇಕಾದಷ್ಟು. ಹೊರಗಿನಿಂದ ನೋಡಿದರೆ ಅವಳಿಜವಳಿ. ನಟ್‌ನ ಚೂಡಿಯೂ ಕೆಲವು ಸಲ ಕೂಡುತ್ತದೆ. ಆದರೆ ಒಳಗಿನ ಓರೆ ಅಷ್ಟೇ ಇದೆ ಎಂದು ಹೇಳಲಾಗದು. ಚೂಡಿ ಕೂಡಿತು ಎಂದರೆ ಕಾಲೆಟ್ ಕೂಡಿತು ಎಂದಲ್ಲ. ಓರೆಯನ್ನು ವರ್ನಿಯರಿನಿಂದ ಅಳೆಯಲೂ ಬರುವುದಿಲ್ಲ. ಅದಕ್ಕೆ ಹಳೆಯ ಮೆಕ್ಯಾನಿಕರ ಒಂದು ಪರೀಕ್ಷೆ ಇದೆ. ಸ್ಪಿಂಡಲ್ ಒಳಗನ್ನು ಒಣ ಬಟ್ಟೆಯಿಂದ ಸ್ವಚ್ಛ ಮಾಡಿ. ಹೊಸ ಕಾಲೆಟ್‌ನ ಓರೆ ಮೈಮೇಲೆ ಮಾರ್ಕರ್ ಪೆನ್ನಿನಿಂದ ಉದ್ದಕ್ಕೆ ಮೂರು ಗೆರೆ ಎಳೆಯಿರಿ, ಆರಲು ಬಿಡಿ. ಆಮೇಲೆ ಕಾಲೆಟ್ಟನ್ನು ಸ್ಪಿಂಡಲ್ ಒಳಗೆ ಕೈಯಿಂದ ಒತ್ತಿ, ಸ್ವಲ್ಪವೇ ತಿರುಗಿಸಿ, ಹೊರಗೆ ತೆಗೆಯಿರಿ. ಮೂರೂ ಗೆರೆ ಮೇಲಿಂದ ಕೆಳಗಿನ ತನಕ ಸಮವಾಗಿ ಅಳಿಸಿದ್ದರೆ ಓರೆ ಕೂಡಿದೆ. ಒಂದು ತುದಿಯಲ್ಲಷ್ಟೇ ಅಳಿಸಿ ಉಳಿದದ್ದು ಹಾಗೇ ಇದ್ದರೆ ಅಂಗಡಿಯವನಿಗೆ ವಾಪಸ್ ಕೊಡಿ. ಒಳ್ಳೆಯ ಅಂಗಡಿಯವನು ಈ ಪರೀಕ್ಷೆಗೆ ಬೇಡ ಎನ್ನುವುದಿಲ್ಲ, ಮಷಿನ್ ಜತೆಗೇ ಒಯ್ದರಾಯಿತು.

ಕಾಲೆಟ್ಟಿನ ಜಾತಿಯನ್ನೂ ನೋಡಬೇಕು. ಕೆಲವು ಮಷಿನ್‌ಗಳಲ್ಲಿ ನಟ್ ಬೇರೆ, ಕಾಲೆಟ್ ಬೇರೆ, ಬಿಚ್ಚಿದರೆ ಎರಡೂ ಬಿಡಿಯಾಗಿ ಕೈಗೆ ಬರುತ್ತವೆ. ಕೆಲವದರಲ್ಲಿ ಕಾಲೆಟ್ ನಟ್‌ನ ಒಳಗೆ ಟಕ್ಕೆಂದು ಸಿಕ್ಕಿಕೊಂಡಿರುತ್ತದೆ, ನಟ್ ಬಿಚ್ಚಿದಾಗ ಅದೇ ಕಾಲೆಟ್ಟನ್ನು ಹೊರಗೆ ಎಳೆದು ತರುತ್ತದೆ. ಇಂಥದ್ದಕ್ಕೆ ನಟ್ ಸಮೇತ ಜೋಡಿಯಾಗಿ ಕೊಳ್ಳುವುದೇ ಲೇಸು. ಮೂರನೆಯದು ಬಹಳ ಹಳೆಯ, ಸಣ್ಣ ಮಷಿನ್‌ಗಳದ್ದು. ಅವುಗಳಲ್ಲಿ ಬೇರೆ ಕಾಲೆಟ್ ಇಲ್ಲ, ಆರ್ಮೇಚರಿನ ತುದಿಯನ್ನೇ ಸೀಳಿ ಕಾಲೆಟ್ ಮಾಡಿರುತ್ತಾರೆ. ಅದು ಸವೆದರೆ ಪೂರ್ತಿ ಆರ್ಮೇಚರ್ ಬದಲಿಸಬೇಕು.

ಅರ್ಧ ಇಂಚಿನ ಕಾಲೆಟ್ ಚೆನ್ನಾಗಿದೆ, ಕಾಲು ಇಂಚಿನ ಬಿಟ್ ಹಾಕಬೇಕು ಎನ್ನುವವರಿಗೆ ಸ್ಲೀವ್ ಇದೆ. ಸೀಳಿದ ಉಕ್ಕಿನ ಕೊಳವೆ, ಹೊರಗೆ 12.7, ಒಳಗೆ 6.35. ಕಂಪನಿಗಳೇ ಮಷಿನ್ ಜತೆ ಕೊಡುತ್ತಿದ್ದ ಸಾಮಾನು ಇದು. ಹನ್ನೆರಡರಿಂದ ಎಂಟಕ್ಕೆ, ಹನ್ನೆರಡರಿಂದ ಆರಕ್ಕೆ ಇಳಿಸುವವೂ ಇವೆ. ಇವನ್ನು ಹಾಕಬಹುದು, ಆದರೆ ಒಳ ಅಳತೆ, ಹೊರ ಅಳತೆ ಎರಡನ್ನೂ ವರ್ನಿಯರ್ ಹಿಡಿದು ನೋಡಿಯೇ ಕೊಳ್ಳಬೇಕು. ಡಿಜಿಟಲ್ ವರ್ನಿಯರ್ ಈಗ ಯಾರ ಕೈಗೂ ಎಟುಕುವ ಬೆಲೆಗೆ ಸಿಗುತ್ತದೆ. ಬಡಿಗೇರನ ಪೆಟ್ಟಿಗೆಯಲ್ಲಿ ಅದೊಂದು ಇರಲಿ.

‘ಲೇಥಿಗೆ ಕೊಟ್ಟರೆ ಕಾಲೆಟ್ ಮಾಡಿಕೊಡುತ್ತಾರಲ್ಲ’ ಎಂದು ಕೇಳುವವರಿದ್ದಾರೆ. ನಮ್ಮ ಲೇಥಿನವರ ಕೈಚಳಕದ ಮೇಲೆ ನನಗೆ ಬಹಳ ಗೌರವ. ಟ್ರ್ಯಾಕ್ಟರ್ ಆ್ಯಕ್ಸಲ್, ಅಕ್ಕಿ ಗಿರಣಿಯ ಶಾಫ್ಟು, ಪಂಪ್‌ಸೆಟ್ಟಿನ ಬುಷ್ ಎಲ್ಲವನ್ನೂ ಮಾಡಿ ಈ ಜಿಲ್ಲೆಯ ಒಕ್ಕಲುತನವನ್ನು ನಡೆಸಿದವರು ಅವರು. ಆದರೆ ಕಾಲೆಟ್ಟಿಗೆ ಬೇಕಾದ್ದು ಸ್ಪ್ರಿಂಗಿನ ಗುಣದ ಉಕ್ಕು, ಅದನ್ನು ಕಾಯಿಸಿ ತಣಿಸಿ ಗಡಸು ಮಾಡಬೇಕು, ಆಮೇಲೆ ಗ್ರೈಂಡಿಂಗ್ ಮಷಿನ್‌ನಲ್ಲಿ ಒಳಗೂ ಹೊರಗೂ ಒಂದೇ ನಡುಗೆರೆಗೆ ಉಜ್ಜಬೇಕು. ಸಾದಾ ಮೈಲ್ಡ್ ಸ್ಟೀಲ್ ಸಲಾಕೆಯಿಂದ ತೆಗೆದದ್ದು ಒಂದೆರಡು ಸಲ ಬಿಗಿದರೆ ಕೂಡಿದ್ದು ಕೂಡಿದ ಹಾಗೇ ನಿಲ್ಲುತ್ತದೆ, ತಿರುಗಿ ಬಿಚ್ಚಿಕೊಳ್ಳುವುದಿಲ್ಲ. ನಡುಗೆರೆ ಕೂದಲೆಳೆಯಷ್ಟು ತಪ್ಪಿದರೂ 22,000ದಲ್ಲಿ ಮಷಿನ್ ನಡುಗಿ ಬೇರಿಂಗ್ ತಿನ್ನುತ್ತದೆ. ಅವರಿಂದ ಮಾಡಿಸಿಕೊಳ್ಳಬೇಕಾದ ಕೆಲಸಗಳು ಬೇರೆ ಇವೆ: ಫೆನ್ಸಿನ ಸಲಾಕೆ, ಆಳ ನಿಲ್ಲಿಸುವ ಸ್ಕ್ರೂ, ಹಿಡಿಕೆಯ ಗುಬ್ಬಿ, ಮೇಲೆ ಕೆಳಗೆ ಆಡುವ ಕಂಬಗಳ ಬುಷ್. ಕೆಳಗಿನ ಬೇಸ್ ಪ್ಲೇಟ್ ಒಡೆದಿದ್ದರೆ ಕರೆಂಟಿನ ಬೋರ್ಡಿಗೆ ಬಳಸುವ ಹೈಲಮ್ ಶೀಟ್ ತಂದು, ಹಳೆಯದನ್ನು ಮೇಲಿಟ್ಟು ಗೆರೆ ಹಾಕಿ, ನೀವೇ ಕೊಯ್ದುಕೊಳ್ಳಬಹುದು. ಗೆದ್ದಲು, ನೀರು ಯಾವುದಕ್ಕೂ ಅದು ಜಗ್ಗುವುದಿಲ್ಲ, ಹಲಗೆಯ ಮೇಲೆ ನುಣ್ಣಗೆ ಜಾರುತ್ತದೆ.

ಬಾಗಿಲಿಗೆ ನಕ್ಷೆ ಕೊರೆಯುವ ಸಿಎನ್‌ಸಿ ಅಂಗಡಿಗಳು ಈಗ ಸಣ್ಣ ಊರುಗಳಿಗೂ ಬರುತ್ತಿವೆ. ಅವರ ಹತ್ತಿರ ಕಾಲೆಟ್‌ಗಳ ಪೂರ್ತಿ ಸೆಟ್ ಇರುತ್ತದೆ, ಅಗ್ಗವೂ ಹೌದು. ಅದು ಇಆರ್ ಜಾತಿಯ ಕಾಲೆಟ್. ಅದರ ಓರೆಗೆ, ನಟ್‌ನ ಚೂಡಿಗೆ ಜಗತ್ತಿಗೆಲ್ಲ ಒಂದೇ ಅಳತೆ ಇದೆ. ಇಆರ್ 16, ಇಆರ್ 20 ಅಳತೆಯವು ಸುಮಾರು ಒಂದು ಎಂಎಂ ತನಕ ಕುಗ್ಗಿಯೂ ಹಿಡಿಯಬಲ್ಲವು. ಆದರೆ ಅದು ಇಆರ್ ಸ್ಪಿಂಡಲ್ಲಿಗೆ ಮಾತ್ರ. ನಿಮ್ಮ ಕೈ ರೂಟರಿನ ಓರೆ ಬೇರೆ, ಅದರೊಳಗೆ ಇದು ಕೂಡುವುದಿಲ್ಲ. ಹನ್ನೆರಡು ಎಂಎಂ ದಂಡದ ತುದಿಗೆ ಇಆರ್ ಕಾಲೆಟ್ ಕೂಡಿಸಿದ ಉದ್ದನೆಯ ಜೋಡಣೆಯೂ ಮಾರಾಟಕ್ಕಿದೆ. ಕೈಯಲ್ಲಿ ಹಿಡಿದು ಓಡಿಸುವ ರೂಟರಿಗೆ ಅದನ್ನು ಹಾಕುವುದು ನನ್ನ ಮಟ್ಟಿಗೆ ಸರಿ ಕಾಣುವುದಿಲ್ಲ. ಬಿಟ್ ಬೇರಿಂಗಿನಿಂದ ಎಷ್ಟು ದೂರ ಹೋಗುತ್ತದೋ ಅಷ್ಟು ತೂಗಾಡುತ್ತದೆ.

ಇನ್ನು ಬೇರಿಂಗ್. ಇದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಇದು ಮಾನ್ವಿಯಲ್ಲೂ ಸಿಗುತ್ತದೆ, ದೇವದುರ್ಗದಲ್ಲೂ ಸಿಗುತ್ತದೆ, ಆದರೂ ತಪ್ಪು ಆಗುತ್ತದೆ. ಬೇರಿಂಗಿನ ಬದಿಯಲ್ಲಿ ನಂಬರು ಕೊರೆದಿರುತ್ತದೆ. 608 ಎಂದರೆ ಒಳತೂತು 8, ಹೊರಗಿನ ಅಗಲ 22, ದಪ್ಪ 7 ಎಂಎಂ. 6202 ಎಂದರೆ ಒಳಗೆ 15, ಹೊರಗೆ 35, ದಪ್ಪ 11. ಜಪಾನಿನದ್ದಿರಲಿ, ಜರ್ಮನಿಯದ್ದಿರಲಿ, ನಂಬರು ಒಂದೇ ಆದರೆ ಅಳತೆ ಒಂದೇ. ಹೀಗಾಗಿ ಬೇರಿಂಗಿಗೆ ಕಂಪನಿಯ ಬಾಗಿಲು ಕಾಯುವ ಕೆಲಸವಿಲ್ಲ.

6202 ಬೇರಿಂಗ್ ನಮ್ಮ ಮನೆಯ ಸೀಲಿಂಗ್ ಫ್ಯಾನಿನಲ್ಲೂ ಬರುತ್ತದೆ. ಕರೆಂಟಿನ ಅಂಗಡಿಯಲ್ಲಿ ಕೇಳಿದರೆ ಡಬ್ಬಿಯಿಂದ ತೆಗೆದು ಕೊಡುತ್ತಾರೆ, ಅಳತೆಯೂ ಕೂಡುತ್ತದೆ. ಫ್ಯಾನು ನಿಮಿಷಕ್ಕೆ ಮುನ್ನೂರು ನಾನೂರು ಸುತ್ತು ತಿರುಗುತ್ತದೆ, ರೂಟರು 22,000. ಹೆಸರಿಲ್ಲದ ಅಗ್ಗದ ಬೇರಿಂಗ್ ಫ್ಯಾನಿನಲ್ಲಿ ವರ್ಷಗಟ್ಟಲೆ ಬಾಳಿದರೂ ರೂಟರಿನಲ್ಲಿ ಒಂದು ಬಾಗಿಲಿನ ಕೆಲಸ ಮುಗಿಯುವುದರೊಳಗೆ ಕಾದು ನೀಲಿಗಟ್ಟುತ್ತದೆ. ಎಸ್‌ಕೆಎಫ್, ಎನ್‌ಎಸ್‌ಕೆ, ಎನ್‌ಟಿಎನ್‌ನಂಥ ಹೆಸರಿನದ್ದನ್ನೇ ತನ್ನಿ. ನಂಬರಿನ ಮುಂದಿರುವ ಅಕ್ಷರವನ್ನೂ ಓದಿ. ಝಡ್‌ಝಡ್ ಅಥವಾ 2ಝಡ್ ಎಂದರೆ ಎರಡೂ ಬದಿಗೆ ತಗಡಿನ ಮುಚ್ಚಳ, ಒಳಗಿನ ರಿಂಗಿಗೆ ತಾಗುವುದಿಲ್ಲ. 2ಆರ್‌ಎಸ್, ಡಿಡಿಯು, ಎಲ್‌ಎಲ್‌ಯು ಎಂದರೆ ರಬ್ಬರಿನ ಸೀಲ್, ಒಳಗಿನ ರಿಂಗಿಗೆ ಒತ್ತಿಕೊಂಡಿರುತ್ತದೆ. ರಬ್ಬರು ಪುಡಿಯನ್ನು ತಡೆಯುತ್ತದೆ, ಆದರೆ ಉಜ್ಜಿ ಕಾಯುತ್ತದೆ. ಎಸ್‌ಕೆಎಫ್‌ನವರೇ 6202ಕ್ಕೆ ತಗಡಿನ ಮುಚ್ಚಳದ್ದಕ್ಕೆ 22,000 ಸುತ್ತಿನ ಮಿತಿ ಹೇಳಿದರೆ ರಬ್ಬರ್ ಸೀಲಿನದ್ದಕ್ಕೆ 13,000 ಹೇಳುತ್ತಾರೆ. ಎನ್‌ಎಸ್‌ಕೆಯ ವಿವಿ, ಎನ್‌ಟಿಎನ್‌ನ ಎಲ್‌ಎಲ್‌ಬಿ ಎಂಬವು ರಬ್ಬರಿನವೇ ಆದರೂ ರಿಂಗಿಗೆ ತಾಗದವು, ಪುಡಿಯನ್ನೂ ತಡೆಯುತ್ತವೆ, ವೇಗವನ್ನೂ ತಾಳುತ್ತವೆ. ಹಳೆಯ ಬೇರಿಂಗಿನ ಮೇಲೆ ಏನು ಬರೆದಿತ್ತೋ ಅದನ್ನೇ ತರುವುದು ಮೊದಲ ದಾರಿ. ಅಕ್ಷರ ಅಳಿಸಿಹೋಗಿದ್ದರೆ ಈ ಲೆಕ್ಕ ಹಿಡಿಯಿರಿ. ಹೊಡೆದು ಕೂಡಿಸುವಾಗ ಹೊರಗಿನ ರಿಂಗಿನ ಮೇಲೆ ಸುತ್ತಿಗೆ ಬೀಳಬಾರದು. ಶಾಫ್ಟಿಗೆ ಹಾಕುವಾಗ ಒಳಗಿನ ರಿಂಗಿಗೆ ಸರಿಯಾದ ಪೈಪ್ ತುಂಡು ಇಟ್ಟು ಒತ್ತಬೇಕು.

ಕಾರ್ಬನ್ ಸುಲಭ. ಅಗಲ, ದಪ್ಪ, ಹಿಂದಿನ ಸ್ಪ್ರಿಂಗಿನ ತರ ಈ ಮೂರು ಕೂಡಿದರೆ ಸಾಕು. ಒಂದು ಮಟ್ಟ ದೊಡ್ಡದನ್ನು ತಂದು ಸಪಾಟು ಗಾಜಿನ ಮೇಲೆ ಮರಳುಕಾಗದ ಹಾಸಿ ಉಜ್ಜಿ ಇಳಿಸಿಕೊಳ್ಳಬಹುದು. ಡಬ್ಬಿಯಲ್ಲಿ ಹಿಡಿಯದೆ ತಾನಾಗಿ ಜಾರಬೇಕು, ಎರಡನ್ನೂ ಒಟ್ಟಿಗೇ ಬದಲಿಸಬೇಕು.

ಆರ್ಮೇಚರ್ ಸುಟ್ಟರೆ ಎಲ್ಲಿಗೆ ಒಯ್ಯಬೇಕು? ತುಂಗಭದ್ರಾ ಎಡದಂಡೆ ಕಾಲುವೆಯ ಮಾನ್ವಿ ಕಡೆ, ನಾರಾಯಣಪುರ ಬಲದಂಡೆಯ ದೇವದುರ್ಗದ ಕಡೆ ಪಂಪ್‌ಸೆಟ್ ವೈಂಡಿಂಗ್ ಮಾಡುವವರಿಗೆ ಬರವಿಲ್ಲ. ಪಂಪಿನ ಮೋಟರು ನಿಮಿಷಕ್ಕೆ ಮೂರು ಸಾವಿರ ಸುತ್ತಿನೊಳಗೇ ತಿರುಗುವಂಥದ್ದು. ರೂಟರಿನ ಆರ್ಮೇಚರ್ ಅಡುಗೆಮನೆಯ ಮಿಕ್ಸರಿನ ಜಾತಿಗೆ ಸೇರಿದ್ದು, ಕಾರ್ಬನ್ ಇರುವ, ಹೆಚ್ಚು ವೇಗದ ಮೋಟರು. ಹಾಗಾಗಿ ಮಿಕ್ಸರ್, ಗ್ರೈಂಡರ್ ಕಟ್ಟುವವರಲ್ಲಿ ಕೈ ಪಳಗಿದವರನ್ನು ಹುಡುಕಿ. ವಾರ್ನಿಶ್ ಹಾಕಿ ಕಾಯಿಸುತ್ತಾರೆಯೇ, ಬ್ಯಾಲೆನ್ಸ್ ನೋಡುತ್ತಾರೆಯೇ ಎಂದು ಕೇಳಿ. ಬ್ಯಾಲೆನ್ಸ್ ಇಲ್ಲದ ಆರ್ಮೇಚರ್ ಹೊಸ ಬೇರಿಂಗನ್ನೂ ಹೊಸ ಕಾಲೆಟ್ಟನ್ನೂ ಹಾಳು ಮಾಡುತ್ತದೆ.

ಅಮೆರಿಕದಲ್ಲಿರುವ ಮಗನೋ ಅಳಿಯನೋ ತಂದುಕೊಟ್ಟ ಮಷಿನ್ ಇದ್ದರೆ ಪ್ಲಗ್ ಹಾಕುವ ಮುನ್ನ ವೋಲ್ಟ್ ಓದಿ. ಅಲ್ಲಿಯದು 120 ವೋಲ್ಟಿನದು, ನಮ್ಮ 230ಕ್ಕೆ ಹಾಕಿದರೆ ಹೋಯಿತು. ಮಷಿನ್‌ನ ವ್ಯಾಟಿಗಿಂತ ಹೆಚ್ಚು ತಾಳುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ವೈಂಡಿಂಗಿನವರು ಕಟ್ಟಿಕೊಡುತ್ತಾರೆ. ಅದರ ಕಾಲೆಟ್ ಇಂಚಿನದೇ ಇರುತ್ತದೆ ಎಂಬುದನ್ನೂ ನೆನಪಿಡಿ, ಎಂಎಂ ಬಿಟ್ ಅದಕ್ಕೆ ತರಬೇಡಿ.

ಕಾಲೆಟ್ ರಾಯಚೂರಿನಲ್ಲಿ ಸಿಗದಿದ್ದರೆ ಹೈದರಾಬಾದಿನ ದಾರಿ ನಮಗೆ ಹಳೆಯದು. ಸಿಕಂದರಾಬಾದಿನ ರಾಣಿಗಂಜ್ ಬೇರಿಂಗ್, ಮಷಿನರಿ, ಹಾರ್ಡ್‌ವೇರ್ ಸಾಮಾನಿನ ದೊಡ್ಡ ಪೇಟೆ. ಬೆಂಗಳೂರಿನಲ್ಲಿ ಎಸ್.ಪಿ. ರಸ್ತೆಯ ಸುತ್ತಮುತ್ತ ಇಂಥ ಅಂಗಡಿಗಳ ಸಾಲೇ ಇದೆ. ಸಾಮಾನು ತರಿಸಿಕೊಳ್ಳುವುದು ಈ ಊರಿಗೆ ಹೊಸ ಕೆಲಸವಲ್ಲ, ಮುಂಬಯಿ ಕಡೆಯ ಹಳಿ, ಮದ್ರಾಸಿನ ಕಡೆಯ ಹಳಿ 1871ರಲ್ಲಿ ಬಂದು ಕೂಡಿದ್ದು ರಾಯಚೂರಿನಲ್ಲೇ. ಕೇಳುವಾಗ ‘ದೊಡ್ಡ ರೂಟರಿನ ಕಾಲೆಟ್’ ಎಂದಷ್ಟೇ ಹೇಳಬೇಡಿ. ಚೀಟಿಯ ಫೋಟೋ, ಹಳೆಯ ಕಾಲೆಟ್‌ನ ಉದ್ದ, ದಪ್ಪ ತುದಿಯ ಅಳತೆ, ಸಣ್ಣ ತುದಿಯ ಅಳತೆ, ಎಷ್ಟು ಸೀಳು ಇವೆ ಎಂಬುದು, ಬೇಕಾದ ತೂತಿನ ಅಳತೆ ಎಂಎಂನಲ್ಲಿ, ಇಷ್ಟನ್ನೂ ಬರೆದು ಕಳಿಸಿ. ಸೂತದಲ್ಲಿ ಬರೆಯಬೇಡಿ, 12.7 ಎಂದು ಬರೆಯಿರಿ.

ಹೊಸ ಮಷಿನ್ನನ್ನೇ ಕೊಳ್ಳುವವರೂ ಇದ್ದಾರೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಿಗತನವೂ ಒಂದು. ಅದರಲ್ಲಿ ಸಲಕರಣೆಗೆಂದು 15,000 ರೂಪಾಯಿ ತನಕ ನೆರವು ಇದೆ. ಹೊಸ ಮಷಿನ್ ಕೊಳ್ಳುವ ಹುಡುಗರಿಗೆ ನನ್ನ ಕೋರಿಕೆ: ಕೊಳ್ಳುವ ದಿನವೇ ಇನ್ನೊಂದು ಕಾಲೆಟ್, ಒಂದು ಜೊತೆ ಕಾರ್ಬನ್ ಸೇರಿಸಿ ಕೊಳ್ಳಿ. ಹತ್ತು ವರ್ಷದ ಮೇಲೆ ಅವನ್ನು ಹುಡುಕುವ ಕಷ್ಟ ಇರುವುದಿಲ್ಲ. ರಿಪೇರಿಯ ಹಕ್ಕಿಗಾಗಿ ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ತೆರೆಯಿತು. ಒಕ್ಕಲುತನದ ಯಂತ್ರ, ಮೊಬೈಲು, ಮನೆಬಳಕೆ ಸಾಮಾನು, ವಾಹನ ಎಂದು ನಾಲ್ಕು ವಿಭಾಗ ಮಾಡಿದ್ದಾರೆ. ಕಸುಬಿನವರ ಕೈಮಷಿನ್ನಿಗೆ ಪ್ರತ್ಯೇಕ ವಿಭಾಗ ಕೊಟ್ಟಿಲ್ಲ, ಕೊಡಬೇಕು. ದುಡಿಮೆಯ ಮಷಿನ್ ನಿಂತರೆ ಆ ಮನೆಯ ಅಡುಗೆ ನಿಲ್ಲುತ್ತದೆ. ನಮ್ಮ ಸಂಘಗಳು ಇದನ್ನು ಕೇಳಬೇಕು.

ಹೊಸ ಕಾಲೆಟ್ ಬಂದ ಮೇಲೆ ಅದನ್ನು ಜೋಪಾನ ಮಾಡುವ ಬಗೆ ಹೇಳುತ್ತೇನೆ. ಬಿಟ್ ಇಲ್ಲದೆ ನಟ್ ಬಿಗಿಯಬೇಡಿ, ಖಾಲಿ ಕಾಲೆಟ್ ಒತ್ತಿಸಿಕೊಂಡು ಆಕಾರ ಕೆಡುತ್ತದೆ. ಬಿಟ್ಟನ್ನು ತಳ ಮುಟ್ಟುವ ತನಕ ಇಳಿಸಿ, ಎರಡು ಮೂರು ಎಂಎಂ ಹಿಂದಕ್ಕೆ ಎಳೆದು ಬಿಗಿಯಿರಿ. ಹಾಗೆಂದು ಹೆಚ್ಚು ಉದ್ದ ಬೇಕೆಂದು ತುದಿಯಲ್ಲಿ ಹಿಡಿಸಬೇಡಿ. ಬೇವು, ಸಾಗವಾನಿಯ ಅಂಟು, ಎಂಡಿಎಫ್‌ನ ಪುಡಿ ಸೀಳಿನಲ್ಲಿ ಸೇರಿ ಗಟ್ಟಿಯಾಗುತ್ತವೆ, ಹಿತ್ತಾಳೆ ತಂತಿಯ ಬ್ರಷ್ಷಿಗೆ ಸೀಮೆಎಣ್ಣೆ ಹಚ್ಚಿ ಉಜ್ಜಿ ಒಣಗಿಸಿ. ಎಣ್ಣೆ ಹಚ್ಚಿ ಬಿಡಬಾರದು, ಹಿಡಿತ ಜಾರುತ್ತದೆ.

ಕಡೆಯದಾಗಿ, ಮಾರ್ಕರಿನ ಪರೀಕ್ಷೆಯಲ್ಲಿ ಹೊಸ, ಕಂಪನಿಯದೇ ಕಾಲೆಟ್ ಕೂಡ ಕೂಡದೆ ಹೋಗಬಹುದು. ಆಗ ಸವೆದದ್ದು ಸ್ಪಿಂಡಲ್‌ನ ಒಳ ಓರೆ. ಅದು ಆರ್ಮೇಚರ್ ಶಾಫ್ಟಿನದ್ದೇ ತುದಿಯಾಗಿದ್ದು, ಆ ಮಾಡೆಲಿನ ಆರ್ಮೇಚರ್ ಎಲ್ಲೂ ಸಿಗದಿದ್ದರೆ ಆ ಮಷಿನ್ನಿಗೆ ಮತ್ತೆ ಬಿಟ್ ಹಾಕಬೇಡಿ. ಆದರೆ ಗುಜರಿಗೂ ಹಾಕಬೇಡಿ. ಸ್ವಿಚ್, ಫೀಲ್ಡ್ ಕಾಯಿಲ್, ಕಾರ್ಬನ್ ಡಬ್ಬಿ, ಬೇಸ್, ಸ್ಪ್ರಿಂಗು, ಪಾನಾ ಎಲ್ಲವನ್ನೂ ಬಿಚ್ಚಿ, ಒಂದು ಪೆಟ್ಟಿಗೆಗೆ ಹಾಕಿ, ಮೇಲೆ ಮಾಡೆಲ್ ನಂಬರು ಬರೆದಿಡಿ. ಮಾನ್ವಿಯಲ್ಲೋ ದೇವದುರ್ಗದಲ್ಲೋ ಅದೇ ಮಾಡೆಲ್ ಇಟ್ಟುಕೊಂಡವನೊಬ್ಬ ಆ ಸ್ವಿಚ್ಚಿಗಾಗಿ ಅಂಗಡಿ ಅಂಗಡಿ ಅಲೆಯುತ್ತಿರುತ್ತಾನೆ. ನಿಮ್ಮ ಹತ್ತಿರ ಇದೆ ಎಂದು ಬೇರಿಂಗ್ ಅಂಗಡಿಯಲ್ಲಿ, ವೈಂಡಿಂಗ್ ಅಂಗಡಿಯಲ್ಲಿ ಒಂದು ಮಾತು ಹೇಳಿಡಿ.